ಬೆರಳಿಗೆ ಸಿಕ್ಕಿಸುವ ಯಂತ್ರಕ್ಕೂ ಬಣ್ಣದ ಭೇದ

2021ರ ಎಪ್ರಿಲ್-ಮೇ ತಿಂಗಳು ನೆನಪುಂಟಲ್ಲ? ಕೊರೋನಾದ ಎರಡನೇ ಅಲೆ. ಆಗ ನಮ್ಮ ಎಷ್ಟೋ ಮನೆಗಳಿಗೆ ಒಂದು ಪುಟ್ಟ ಯಂತ್ರ ಬಂತು. ಆಕ್ಸಿಮೀಟರ್. ಬಟ್ಟೆ ಒಣಗಿಸುವ ಕ್ಲಿಪ್ಪಿನ ಹಾಗೆ ಬೆರಳಿಗೆ ಸಿಕ್ಕಿಸಿದರೆ ಒಳಗೊಂದು ಕೆಂಪು ದೀಪ ಹೊತ್ತಿಕೊಂಡು 97 ಅಂತಲೋ 94 ಅಂತಲೋ ಒಂದು ಅಂಕಿ ಕಾಣುತ್ತಿತ್ತು. ದುಬೈಯಿಂದ, ರಿಯಾದ್‌ನಿಂದ ವೀಡಿಯೊ ಕಾಲ್ ಮಾಡುವ ಮಕ್ಕಳು ಸಲಾಂ ಹೇಳಿದ ಕೂಡಲೇ ಕೇಳುತ್ತಿದ್ದದ್ದು ‘ಉಮ್ಮನಿಗೆ ಈಗ ಎಷ್ಟು ಉಂಟು?’ ಅಂತ. 95ಕ್ಕಿಂತ ಮೇಲಿದ್ದರೆ ಅಲ್‌ಹಮ್ದುಲಿಲ್ಲಾಹ್. ಕೆಳಗೆ ಇಳಿದರೆ ಬೆಡ್ ಹುಡುಕಿಕೊಂಡು ಓಡಾಟ. ಆ ಯಂತ್ರ ಈಗ ಕಪಾಟಿನಲ್ಲಿ, ಹಳೆಯ ಮಾತ್ರೆಗಳ ಡಬ್ಬದ ಪಕ್ಕ ಬಿದ್ದುಕೊಂಡಿರಬಹುದು.

ಆ ಅಂಕಿಯನ್ನು ನಾವು ಕಣ್ಣುಮುಚ್ಚಿ ನಂಬಿದೆವು. ನಂಬದೆ ಬೇರೆ ದಾರಿಯೂ ಇರಲಿಲ್ಲ. ಆದರೆ ಅದಕ್ಕೆ ನಾಲ್ಕೈದು ತಿಂಗಳು ಮೊದಲೇ, 2020ರ ಡಿಸೆಂಬರ್‌ನಲ್ಲಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ವೈದ್ಯರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಪ್ರಕಟಿಸಿದ್ದರು. ಈ ಯಂತ್ರ ಬಿಳಿ ಚರ್ಮದ ಮೇಲೆ ಹೇಳುವಷ್ಟು ಸರಿಯಾಗಿ ಕಪ್ಪು ಚರ್ಮದ ಮೇಲೆ ಹೇಳುವುದಿಲ್ಲ ಎಂಬುದು ಅದರ ಸಾರ.

ಅವರು ಮಾಡಿದ್ದು ಸರಳ ಕೆಲಸ. ಒಬ್ಬನೇ ರೋಗಿಗೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಬೆರಳಿನ ಯಂತ್ರ ತೋರಿಸಿದ ಅಂಕಿಯನ್ನೂ ಅಪಧಮನಿಯಿಂದ ರಕ್ತ ತೆಗೆದು ಲ್ಯಾಬಿನಲ್ಲಿ ನೋಡಿದ ಅಂಕಿಯನ್ನೂ ಪಕ್ಕಪಕ್ಕ ಇಟ್ಟರು. ಇಂಥ ಹತ್ತು ಸಾವಿರಕ್ಕೂ ಹೆಚ್ಚು ಜೋಡಿಗಳು ಆಸ್ಪತ್ರೆಯ ದಾಖಲೆಯಲ್ಲೇ ಇದ್ದವು. ಯಂತ್ರ 92ರಿಂದ 96 ತೋರಿಸುತ್ತಿದ್ದಾಗ, ಅಂದರೆ ‘ತೊಂದರೆ ಇಲ್ಲ’ ಅನ್ನುತ್ತಿದ್ದಾಗ, ನಿಜವಾದ ಆಮ್ಲಜನಕ 88ಕ್ಕಿಂತ ಕೆಳಗಿದ್ದದ್ದು ಎಷ್ಟು ಸಲ? ಬಿಳಿಯ ರೋಗಿಗಳಲ್ಲಿ ಶೇ. 3.6. ಕಪ್ಪು ವರ್ಣದ ರೋಗಿಗಳಲ್ಲಿ ಶೇ. 11.7. ಮೂರು ಪಟ್ಟಿಗೂ ಹೆಚ್ಚು. ಉಸಿರು ಕಟ್ಟುತ್ತಾ ಇರುವ ಮನುಷ್ಯನಿಗೆ ಯಂತ್ರ ‘ನೀನು ಆರಾಮ ಇದ್ದಿ’ ಅಂತ ಹೇಳಿದ ಹಾಗೆ.

ಅದು ಯಾವ ಕಾಲ ಅಂತ ಯೋಚಿಸಿ. ಆಸ್ಪತ್ರೆಗೆ ಸೇರಿಸಬೇಕಾ, ಮನೆಗೆ ಕಳಿಸಬೇಕಾ, ಆಕ್ಸಿಜನ್ ಹಾಕಬೇಕಾ, ದುಬಾರಿ ಔಷಧಿ ಶುರು ಮಾಡಬೇಕಾ, ಎಲ್ಲ ತೀರ್ಮಾನವೂ ಆ ಒಂದು ಅಂಕಿಯ ಮೇಲೆಯೇ. 2022ರಲ್ಲಿ ಬಂದ ಇನ್ನೊಂದು ಅಧ್ಯಯನ ಕೊರೋನಾ ರೋಗಿಗಳ ದಾಖಲೆಗಳನ್ನೇ ಜಾಲಾಡಿತು. ಕಪ್ಪು ವರ್ಣೀಯರಿಗೂ ಹಿಸ್ಪಾನಿಕ್ ಮೂಲದವರಿಗೂ ಚಿಕಿತ್ಸೆಯ ಅಗತ್ಯ ಉಂಟು ಅಂತ ಗುರುತಿಸುವುದೇ ತಡವಾಗಿತ್ತು. ಏಷ್ಯಾ ಮೂಲದವರಲ್ಲೂ ಯಂತ್ರ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತಿತ್ತು. ಏಷ್ಯಾ ಅಂದರೆ ಚೀನಾವೂ ಹೌದು, ಕೊರಿಯಾವೂ ಹೌದು. ಆದರೂ ನಮ್ಮ ಕಪಾಟಿನಲ್ಲಿರುವ ಯಂತ್ರಕ್ಕೆ ಇದು ಸಂಬಂಧವಿಲ್ಲದ ಸುದ್ದಿ ಅಂತ ನಮಗಂತೂ ಅನಿಸಲಿಲ್ಲ.

ಯಂತ್ರಕ್ಕೆ ಯಾರ ಮೇಲೂ ದ್ವೇಷ ಇಲ್ಲ. ಅದು ಎರಡು ಬಗೆಯ ಬೆಳಕನ್ನು ಬೆರಳಿನ ಮೂಲಕ ಹಾಯಿಸುತ್ತದೆ. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಅವಕೆಂಪು. ಆಮ್ಲಜನಕ ತುಂಬಿದ ರಕ್ತ ಒಂದು ರೀತಿ ಬೆಳಕು ಹೀರುತ್ತದೆ, ಇಲ್ಲದ ರಕ್ತ ಇನ್ನೊಂದು ರೀತಿ. ಆ ವ್ಯತ್ಯಾಸದಿಂದ ಅಂಕಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕು ಹೀರುತ್ತದೆ. ಅದನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದರೆ ಯಂತ್ರ ಮಾಡುವಾಗ ಎಲ್ಲ ಬಣ್ಣದವರ ಬೆರಳಿಗೂ ಹಾಕಿ ನೋಡಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಕೊಟ್ಟ ಮಾರ್ಗಸೂಚಿ ಏನು ಕೇಳಿತ್ತು ಗೊತ್ತಾ? ಕನಿಷ್ಠ 10 ಜನರ ಮೇಲೆ ಪರೀಕ್ಷೆ ಮಾಡಿ, ಅವರಲ್ಲಿ ಕಪ್ಪು ಚರ್ಮದವರು ಇಬ್ಬರು, ಇಲ್ಲವೇ ನೂರಕ್ಕೆ 15 ಜನ ಇದ್ದರೆ ಸಾಕು ಅಂತ. ಇಬ್ಬರು!

ವಿಷಯ ಹೊಸದೂ ಅಲ್ಲ. 1990ರಲ್ಲೇ ವೆಂಟಿಲೇಟರ್‌ನಲ್ಲಿದ್ದ ರೋಗಿಗಳ ಬಗ್ಗೆ ಇಬ್ಬರು ವೈದ್ಯರು ಬರೆದಿದ್ದರು, ಬಿಳಿಯರಿಗೆ ಸಾಕಾಗುವ ಅಂಕಿ ಕಪ್ಪು ವರ್ಣೀಯರಿಗೆ ಸಾಲದು ಅಂತ. 2005ರಲ್ಲಿ ಮತ್ತೊಮ್ಮೆ ಬಂತು. ಅದಕ್ಕೂ ಹಿಂದೆ, 1970ರ ದಶಕದಲ್ಲಿ, ಈಗ ಕಂಪ್ಯೂಟರ್, ಪ್ರಿಂಟರ್‌ನಿಂದ ನಮಗೆ ಪರಿಚಯವಿರುವ ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿ ಕಿವಿಗೆ ಹಾಕುವ ಒಂದು ಆಕ್ಸಿಮೀಟರ್ ಮಾಡಿತ್ತು. ಎರಡಲ್ಲ, ಎಂಟು ಬಗೆಯ ಬೆಳಕು ಬಳಸುತ್ತಿತ್ತು, ಕಪ್ಪು ಜನರ ಮೇಲೂ ಪರೀಕ್ಷಿಸಿದ್ದರು. ದೊಡ್ಡದು, ದುಬಾರಿ, ಹಾಗಾಗಿ ಮೂಲೆಗೆ ಹೋಯಿತು. ಸಣ್ಣದು, ಅಗ್ಗದ್ದು ಬಂತು. ಅಂದರೆ ಸರಿಯಾದ ಯಂತ್ರ ಮಾಡಲು ಆಗುವುದಿಲ್ಲ ಅಂತಲ್ಲ. ಮಾಡಲೇಬೇಕು ಅಂತ ಯಾರೂ ಹಟ ಹಿಡಿಯಲಿಲ್ಲ, ಅಷ್ಟೇ.

ಕೊನೆಗೆ ಕೇಳಿದ್ದು ಯಾರು? ಆಮಿ ಮೊರಾನ್ ಥಾಮಸ್ ಎಂಬ ಮಾನವಶಾಸ್ತ್ರದ ಪ್ರಾಧ್ಯಾಪಕಿ. ಗಂಡನಿಗೆ ಕೊರೋನಾ ಆದಾಗ ಮನೆಗೆ ಆಕ್ಸಿಮೀಟರ್ ತರಿಸಿದರು. ಈ ಬೆಳಕು ಎಲ್ಲರ ಚರ್ಮದಲ್ಲೂ ಒಂದೇ ರೀತಿ ಹಾಯುತ್ತದಾ ಅಂತ ಸಂಶಯ ಬಂತು, ಹಳೆಯ ಸಂಶೋಧನೆಗಳನ್ನೆಲ್ಲ ಕೆದಕಿ 2020ರ ಆಗಸ್ಟ್‌ನಲ್ಲಿ ಒಂದು ಲೇಖನ ಬರೆದರು. ಮಿಷಿಗನ್‌ನ ವೈದ್ಯರು ಅದನ್ನು ಓದಿಯೇ ತಮ್ಮ ಆಸ್ಪತ್ರೆಯ ದಾಖಲೆ ತೆಗೆದು ನೋಡಿದ್ದು.

ಬ್ರಿಟನ್‌ನಲ್ಲಿ ಈ ಪ್ರಶ್ನೆಯನ್ನು ಸರಕಾರದ ಮಟ್ಟಕ್ಕೆ ಒಯ್ದವರು ಆಗಿನ ಆರೋಗ್ಯ ಸಚಿವ ಸಾಜಿದ್ ಜಾವಿದ್. ಪಾಕಿಸ್ತಾನದಿಂದ ವಲಸೆ ಹೋಗಿ ಬಸ್ ಓಡಿಸಿದ ತಂದೆಯ ಮಗ. ಅವರ ರಾಜಕೀಯದ ಬಗ್ಗೆ ನಮಗೆ ತಕರಾರು ಇರಬಹುದು, ಅದು ಬೇರೆ ಮಾತು. 2021ರ ನವೆಂಬರ್‌ನಲ್ಲಿ ಅವರು ವೈದ್ಯಕೀಯ ಉಪಕರಣಗಳಲ್ಲಿ ಇಂಥ ತಾರತಮ್ಯ ಎಷ್ಟುಂಟು ಅಂತ ಸ್ವತಂತ್ರ ತನಿಖೆಗೆ ಆದೇಶ ಕೊಟ್ಟರು. ಪ್ರೊಫೆಸರ್ ಮಾರ್ಗರೆಟ್ ವೈಟ್‌ಹೆಡ್ ನೇತೃತ್ವದ ಆ ಸಮಿತಿಯ ವರದಿ 2024ರ ಮಾರ್ಚ್‌ನಲ್ಲಿ ಹೊರಗೆ ಬಂತು. ತೊಂದರೆ ಇರುವುದು ನಿಜ ಅಂತ ಒಪ್ಪಿತು. ಅಮೆರಿಕದ ಎಫ್‌ಡಿಎ ಕೂಡ 2025ರ ಜನವರಿಯಲ್ಲಿ ಹೊಸ ಕರಡು ನಿಯಮ ಹೊರಡಿಸಿತು. 10 ಜನರ ಜಾಗದಲ್ಲಿ ಈಗ ಕನಿಷ್ಠ 150 ಜನ, ಎಲ್ಲ ಬಣ್ಣದವರೂ ಇರಬೇಕು. 1990ರಿಂದ 2025ಕ್ಕೆ ಎಷ್ಟು ವರ್ಷ ಅಂತ ನೀವೇ ಲೆಕ್ಕ ಹಾಕಿ.

ಕಿಡ್ನಿಯ ಲೆಕ್ಕದಲ್ಲೂ ಬಣ್ಣ

ಯಂತ್ರದ ಮಾತು ಬಿಡಿ, ಕಾಗದದ ಮೇಲಿನ ಲೆಕ್ಕಕ್ಕೆ ಬರುವ. ಸಕ್ಕರೆ ಕಾಯಿಲೆ, ಬಿಪಿ, ಆಮೇಲೆ ಡಯಾಲಿಸಿಸ್. ಈ ಮೂರು ಮೆಟ್ಟಿಲು ಗೊತ್ತಿಲ್ಲದ ಕುಟುಂಬ ನಮ್ಮಲ್ಲಿ ಕಡಿಮೆ. ಲ್ಯಾಬ್ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್‌ನ ಕೆಳಗೆ ‘ಇಜಿಎಫ್‌ಆರ್’ ಅಂತ ಒಂದು ಸಾಲು ಇರುತ್ತದೆ, ನೋಡಿರಬಹುದು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಂದಾಜು ಹೇಳುವ ಅಂಕಿ. ರಕ್ತದ ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ, ಇಷ್ಟನ್ನು ಸೂತ್ರಕ್ಕೆ ಹಾಕಿ ತೆಗೆಯುವುದು.

ಅಮೆರಿಕದಲ್ಲಿ 1999ರಿಂದ ಬಳಕೆಗೆ ಬಂದ ಸೂತ್ರಗಳಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ರೋಗಿ ಕಪ್ಪು ವರ್ಣೀಯನಾ? ಹೌದಾದರೆ ಬಂದ ಅಂಕಿಯನ್ನು ಶೇ. 16ರಿಂದ 21ರಷ್ಟು ಏರಿಸಬೇಕು. ಕಪ್ಪು ಜನರ ಮೈಯಲ್ಲಿ ಸ್ನಾಯು ಜಾಸ್ತಿ, ಹಾಗಾಗಿ ಕ್ರಿಯಾಟಿನಿನ್ ಜಾಸ್ತಿ, ಕಿಡ್ನಿ ಹಾಳಾಗಿಲ್ಲ ಅಂತ ಅದರ ಹಿಂದಿನ ತರ್ಕ. ಒಬ್ಬೊಬ್ಬರ ಸ್ನಾಯು ಅಳೆದು ಅಲ್ಲ, ಬಣ್ಣ ನೋಡಿ.

ಇದರ ಪರಿಣಾಮ ನೋಡಿ. ಅಲ್ಲಿ ಕಿಡ್ನಿ ಕಸಿಗೆ ಕಾಯುವ ಪಟ್ಟಿಯಲ್ಲಿ ನಿಮ್ಮ ಕಾಯುವ ದಿನಗಳ ಎಣಿಕೆ ಶುರುವಾಗಬೇಕಾದರೆ, ಡಯಾಲಿಸಿಸ್‌ಗೆ ಹೋಗದವರಲ್ಲಿ, ಈ ಅಂಕಿ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಯಬೇಕು. ಒಂದೇ ಪ್ರಾಯದ, ಒಂದೇ ಕ್ರಿಯಾಟಿನಿನ್ ಇರುವ ಇಬ್ಬರು ಗಂಡಸರು ಅಂತ ಇಟ್ಟುಕೊಳ್ಳಿ. ಬಿಳಿಯನಿಗೆ 20 ಬಂತು, ಪಟ್ಟಿಯಲ್ಲಿ ಎಣಿಕೆ ಶುರು. ಕಪ್ಪು ವರ್ಣೀಯನಿಗೆ ಅದೇ ರಕ್ತಕ್ಕೆ 23 ಅಥವಾ 24. ‘ನಿಮ್ಮದು ಇನ್ನೂ ಚೆನ್ನಾಗಿದೆ, ಆಮೇಲೆ ಬನ್ನಿ.’ ಇನ್ನೂ ಕೆಡುವ ತನಕ ಕಾಯಬೇಕು. ಆ ದೇಶದ ಜನಸಂಖ್ಯೆಯಲ್ಲಿ ಕಪ್ಪು ವರ್ಣೀಯರು ನೂರಕ್ಕೆ ಸುಮಾರು 13 ಜನ, ಆದರೆ ಕಿಡ್ನಿ ಪೂರ್ತಿ ಹೋದವರಲ್ಲಿ ಮೂರರಲ್ಲಿ ಒಬ್ಬರು ಅವರೇ. ಅತಿ ಹೆಚ್ಚು ಬೇಕಾದವರನ್ನೇ ಸರದಿಯಲ್ಲಿ ಹಿಂದೆ ನಿಲ್ಲಿಸುವ ಸೂತ್ರ.

ಇದನ್ನು ಮೊದಲು ಜೋರಾಗಿ ಪ್ರಶ್ನಿಸಿದವರು ದೊಡ್ಡ ಪ್ರೊಫೆಸರ್‌ಗಳಲ್ಲ, ವೈದ್ಯಕೀಯ ವಿದ್ಯಾರ್ಥಿಗಳು. ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ 2017ರಲ್ಲೇ ಈ ‘ಬಣ್ಣದ ಗುಣಾಕಾರ’ ನಿಲ್ಲಿಸಿತು. 2021ರಲ್ಲಿ ದೇಶದ ಎರಡು ಪ್ರಮುಖ ಕಿಡ್ನಿ ಸಂಘಟನೆಗಳ ಜಂಟಿ ಸಮಿತಿ, ಬಣ್ಣ ಕೇಳದ ಹೊಸ ಸೂತ್ರವನ್ನೇ ಎಲ್ಲರೂ ಬಳಸಬೇಕು ಅಂತ ಹೇಳಿತು. ಇಷ್ಟಕ್ಕೇ ಮುಗಿದಿದ್ದರೆ ನಾವು ಈ ಕಥೆಯನ್ನು ಇಷ್ಟು ಉದ್ದ ಹೇಳುತ್ತಿರಲಿಲ್ಲ.

2023ರ ಜನವರಿಯಲ್ಲಿ ಅಂಗಾಂಗ ಕಸಿಯ ರಾಷ್ಟ್ರೀಯ ಜಾಲ ಇನ್ನೊಂದು ಹೆಜ್ಜೆ ಇಟ್ಟಿತು. ಮುಂದೆ ತಪ್ಪು ಮಾಡಬೇಡಿ ಅಂದರೆ ಸಾಲದು, ಹಿಂದೆ ಆದದ್ದನ್ನೂ ಸರಿಮಾಡಿ ಅಂತ ಎಲ್ಲ ಕಸಿ ಆಸ್ಪತ್ರೆಗಳಿಗೂ ಹೇಳಿತು. ಪಟ್ಟಿಯಲ್ಲಿರುವ ಪ್ರತಿಯೊಬ್ಬ ಕಪ್ಪು ವರ್ಣದ ರೋಗಿಯ ಹಳೆಯ ರಿಪೋರ್ಟ್ ತೆಗೆಯಿರಿ, ಹೊಸ ಸೂತ್ರದಲ್ಲಿ ಲೆಕ್ಕ ಹಾಕಿ, ಇವರು ನಿಜವಾಗಿ ಎಂದು ಪಟ್ಟಿಗೆ ಬರಬೇಕಿತ್ತೋ ಅಂದಿನಿಂದ ಎಣಿಕೆ ಕೊಡಿ. 2024ರ ಮಾರ್ಚ್ ಮಧ್ಯದ ಹೊತ್ತಿಗೆ 14,000ಕ್ಕೂ ಹೆಚ್ಚು ಜನರ ದಿನಾಂಕ ಹೀಗೆ ಹಿಂದಕ್ಕೆ ಸರಿಯಿತು, ಸರಾಸರಿ ಎರಡು ವರ್ಷ. ಕೆಲವರಿಗೆ ಅದರಿಂದಲೇ ಕಿಡ್ನಿ ಸಿಕ್ಕಿತು. ಅಷ್ಟರೊಳಗೆ ತೀರಿಹೋದವರಿಗೆ ಏನೂ ಸಿಗಲಿಲ್ಲ, ಅದೂ ನಿಜವೇ.

ತಾರತಮ್ಯ ಸರಿಪಡಿಸುವುದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾವು ತೋರಿಸುವುದು ಈ ಉದಾಹರಣೆಯನ್ನೇ. ವಿಷಾದ ಪತ್ರ ಬರೆಯಲಿಲ್ಲ, ಸೆಮಿನಾರ್ ಮಾಡಿ ಶಾಲು ಹಾಕಲಿಲ್ಲ. ಕಸಿದುಕೊಂಡ ದಿನಗಳನ್ನು ಎಣಿಸಿ ವಾಪಸು ಕೊಟ್ಟರು.

ಕೇಳದ ಕಿವಿ

‘ಇದೆಲ್ಲ ಬಡತನದ್ದು ಮಾರಾಯ್ರೆ, ಬಣ್ಣದ್ದಲ್ಲ’ ಅನ್ನುವವರು ಉಂಟು. ಅರ್ಧ ಸತ್ಯ. ಬಡತನ, ವಿಮೆ ಇಲ್ಲದಿರುವುದು, ಹತ್ತಿರದಲ್ಲಿ ಆಸ್ಪತ್ರೆ ಇಲ್ಲದಿರುವುದು ಎಲ್ಲವೂ ಕಾರಣವೇ. ಆದರೆ ಹೆರಿಗೆಯ ಲೆಕ್ಕ ನೋಡಿ. ಅಮೆರಿಕದ ಸರಕಾರಿ ಅಂಕಿ ಅಂಶದ ಪ್ರಕಾರ 2023ರಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ ಸತ್ತ ಬಿಳಿಯ ತಾಯಂದಿರು 14.5, ಕಪ್ಪು ವರ್ಣದ ತಾಯಂದಿರು 50.3. ಅದಕ್ಕೂ ಹಿಂದೆ, 2019ರಲ್ಲಿ, ಅದೇ ಸಿಡಿಸಿ ಸಂಸ್ಥೆ ಇನ್ನೊಂದು ವಿಷಯ ಹೇಳಿತ್ತು. ಕಾಲೇಜು ಡಿಗ್ರಿ ಮಾಡಿದ ಕಪ್ಪು ಹೆಂಗಸಿಗೆ ಹೆರಿಗೆಯಲ್ಲಿ ಸಾಯುವ ಅಪಾಯ, ಹೈಸ್ಕೂಲು ಕೂಡ ಮುಗಿಸದ ಬಿಳಿ ಹೆಂಗಸಿಗಿಂತ ಜಾಸ್ತಿ. ಓದೂ ಸಂಬಳವೂ ಅವಳನ್ನು ಕಾಪಾಡಲಿಲ್ಲ. ಸರಕಾರವೇ ಉಚಿತ ಚಿಕಿತ್ಸೆ ಕೊಡುವ ಬ್ರಿಟನ್‌ನಲ್ಲೂ ಕಪ್ಪು ತಾಯಂದಿರ ಸಾವು ಬಿಳಿಯರಿಗಿಂತ ಸುಮಾರು ಮೂರು ಪಟ್ಟು. ಏಷ್ಯಾ ಮೂಲದ ತಾಯಂದಿರದ್ದೂ ಬಿಳಿಯರಿಗಿಂತ ಹೆಚ್ಚೇ.

ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಗೊತ್ತಿಲ್ಲದವರಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಸಿಸೇರಿಯನ್ ಆಗಿ ಮಗಳು ಹುಟ್ಟಿದ ಮರುದಿನ ಅವರಿಗೆ ಉಸಿರಾಟದ ತೊಂದರೆ. ಅವರಿಗೆ ಹಿಂದೆಯೇ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಅನುಭವ ಇತ್ತು, ತನ್ನ ಮೈ ತನಗೆ ಗೊತ್ತಿತ್ತು. ಸಿ.ಟಿ. ಸ್ಕ್ಯಾನ್ ಮಾಡಿ, ರಕ್ತ ತೆಳು ಮಾಡುವ ಔಷಧಿ ಹಾಕಿ ಅಂತ ಕೇಳಿದರು. ನೋವಿನ ಮದ್ದಿನ ಅಮಲಿನಲ್ಲಿ ಏನೋ ಹೇಳುತ್ತಿದ್ದಾರೆ ಅಂದುಕೊಂಡರು ನರ್ಸ್. ಮೊದಲು ಕಾಲಿನ ಸ್ಕ್ಯಾನ್ ಮಾಡಿದರು, ಏನೂ ಸಿಗಲಿಲ್ಲ. ಇವರು ಹಟ ಬಿಡಲಿಲ್ಲ. ಕೊನೆಗೆ ಸಿ.ಟಿ. ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡಿತು. ಇದನ್ನು ಅವರೇ ಮುಂದೆ ಪತ್ರಿಕೆಗೆ ಹೇಳಿದ್ದು. ಅಷ್ಟು ಹಣ, ಅಷ್ಟು ಹೆಸರು ಇದ್ದವರೇ ಹಟ ಮಾಡಬೇಕಾಯಿತು. ಹಟ ಮಾಡಲು ಗೊತ್ತಿಲ್ಲದವರ ಗತಿ ಏನು?

ಈ ಕೇಳದಿರುವಿಕೆ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಒಂದು ಸುಳಿವು 2016ರ ಅಧ್ಯಯನದಲ್ಲಿ ಸಿಗುತ್ತದೆ. ವರ್ಜೀನಿಯಾ ವಿಶ್ವವಿದ್ಯಾನಿಲಯದ ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಕೇಳಿದಾಗ, ಅವರಲ್ಲಿ ಸುಮಾರು ಅರ್ಧದಷ್ಟು ಜನ ‘ಕಪ್ಪು ಜನರ ಚರ್ಮ ದಪ್ಪ’ ಎಂಬಂಥ ಒಂದಾದರೂ ಸುಳ್ಳನ್ನು ನಿಜ ಅಂತ ನಂಬಿದ್ದರು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡಿ ಚಿಕಿತ್ಸೆಯನ್ನೂ ತಪ್ಪಾಗಿ ಹೇಳಿದರು. ಇವರು ಕೆಟ್ಟ ಮನುಷ್ಯರು ಅಂತ ನಾವು ಹೇಳುವುದಿಲ್ಲ. ಹೆಚ್ಚಿನವರು ಒಳ್ಳೆಯ ಡಾಕ್ಟರ್ ಆಗಬೇಕು ಅಂತಲೇ ಬಂದವರು. ಗುಲಾಮಗಿರಿಯ ಕಾಲದ ಮಾತೊಂದು ಎಲ್ಲಿಂದಲೋ ಬಂದು ಅವರ ತಲೆಯಲ್ಲಿ ಕೂತಿತ್ತು, ಯಾರೂ ತೆಗೆದು ಹಾಕಿರಲಿಲ್ಲ.

ಪಾಠಪುಸ್ತಕದ ಚಿತ್ರಗಳ ವಿಷಯವೂ ಹಾಗೆಯೇ. ಚರ್ಮರೋಗದ ‘ಕೆಂಪು ದದ್ದು’, ಆಮ್ಲಜನಕ ಇಲ್ಲದಾಗ ‘ನೀಲಿ ತುಟಿ’, ಎಲ್ಲವೂ ಬಿಳಿ ಮೈಯ ಲಕ್ಷಣ. ಲಂಡನ್‌ನ ಸೇಂಟ್ ಜಾರ್ಜ್ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಮಲೋನ್ ಮುಕ್ವೆಂಡೆ ಎಂಬ ವಿದ್ಯಾರ್ಥಿ, ಕಪ್ಪು ಮತ್ತು ಕಂದು ಚರ್ಮದ ಮೇಲೆ ಇವೆಲ್ಲ ಹೇಗೆ ಕಾಣುತ್ತವೆ ಅಂತ ತನ್ನ ಇಬ್ಬರು ಅಧ್ಯಾಪಕರನ್ನು ಸೇರಿಸಿಕೊಂಡು 2020ರಲ್ಲಿ ಒಂದು ಕೈಪಿಡಿಯನ್ನೇ ಮಾಡಿ ಎಲ್ಲರಿಗೂ ಉಚಿತವಾಗಿ ಕೊಟ್ಟ. ನಮ್ಮ ಸಮುದಾಯದವರೇ ಕಟ್ಟಿದ ಯೆನೆಪೊಯ, ಕಣಚೂರು ವೈದ್ಯಕೀಯ ಕಾಲೇಜುಗಳು ದೇರಳಕಟ್ಟೆಯ ಸುತ್ತಮುತ್ತ ಉಂಟು. ನಮ್ಮ ಹೆಣ್ಣುಮಕ್ಕಳೂ ಬಿಳಿ ಕೋಟು ಹಾಕಿ ಹೋಗುವ ಕಾಲ ಇದು. ಅವರ ಕೈಯಲ್ಲಿ ಇಂಥ ಕೈಪಿಡಿ ಇದ್ದರೆ ಚೆನ್ನ.

ಕ್ಷೌರದಂಗಡಿಯಲ್ಲಿ ಬಿಪಿ

ಕಪ್ಪು ವರ್ಣೀಯರು ಆಸ್ಪತ್ರೆಗೆ ಹೋಗಲು ಹಿಂದೆಮುಂದೆ ನೋಡುತ್ತಾರೆ ಅಂತ ದೂರುಂಟು. ಸುಮ್ಮನೆ ಅಲ್ಲ. ಅಲಬಾಮಾ ರಾಜ್ಯದ ಟಸ್ಕೀಗೀಯಲ್ಲಿ 1932ರಿಂದ 1972ರ ತನಕ, ನಲವತ್ತು ವರ್ಷ, ಸರಕಾರದ ಆರೋಗ್ಯ ಇಲಾಖೆಯೇ ಸುಮಾರು 600 ಬಡ ಕಪ್ಪು ಗಂಡಸರನ್ನು ‘ನೋಡಿಕೊಂಡು’ ಇತ್ತು. ಅವರಲ್ಲಿ 399 ಜನರಿಗೆ ಸಿಫಿಲಿಸ್ ರೋಗ. ಚಿಕಿತ್ಸೆ ಕೊಡುತ್ತಿದ್ದೇವೆ ಅಂತ ಸುಳ್ಳು ಹೇಳಿ, ಊಟ ಕೊಟ್ಟು, ಸತ್ತರೆ ಮಣ್ಣು ಮಾಡುವ ಖರ್ಚು ಕೊಡುತ್ತೇವೆ ಅಂದು, ರೋಗ ಮೈಯನ್ನು ಹೇಗೆ ತಿನ್ನುತ್ತದೆ ಅಂತ ಬರೆದಿಟ್ಟುಕೊಂಡರು. 1947ರ ಹೊತ್ತಿಗೆ ಪೆನಿಸಿಲಿನ್ ಇದಕ್ಕೆ ಮದ್ದು ಅಂತ ಎಲ್ಲರಿಗೂ ಗೊತ್ತಾದ ಮೇಲೂ ಕೊಡಲಿಲ್ಲ. ಇಲಾಖೆಯಲ್ಲೇ ಕೆಲಸ ಮಾಡಿದ್ದ ಪೀಟರ್ ಬಕ್ಸ್‌ಟನ್ ವಿಷಯವನ್ನು ಪತ್ರಕರ್ತರಿಗೆ ತಲುಪಿಸಿದ ಮೇಲೆಯೇ ನಿಂತದ್ದು. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ. ಅಜ್ಜನಿಗೆ ಹೀಗಾದ ಮೇಲೆ ಮೊಮ್ಮಗ ಡಾಕ್ಟರನ್ನು ನಂಬುವುದು ಹೇಗೆ?

ಹಾಗಾದರೆ ಡಾಕ್ಟರೇ ಅವನು ನಂಬುವ ಜಾಗಕ್ಕೆ ಹೋಗಲಿ ಅಂತ ಯೋಚಿಸಿದವರು ಲಾಸ್ ಏಂಜಲೀಸ್‌ನ ಹೃದ್ರೋಗ ತಜ್ಞ ಡಾ. ರೊನಾಲ್ಡ್ ವಿಕ್ಟರ್. ಕಪ್ಪು ಗಂಡಸರು ತಪ್ಪದೆ ಹೋಗುವ ಜಾಗ ಕ್ಷೌರದಂಗಡಿ. ಅಲ್ಲಿ ಊರ ಸುದ್ದಿ, ಆಟ, ರಾಜಕೀಯ ಎಲ್ಲ ಆಗುತ್ತದೆ, ವರ್ಷಗಟ್ಟಲೆ ಅದೇ ಕ್ಷೌರಿಕ. 52 ಅಂಗಡಿಗಳು, ಬಿಪಿ ಏರಿದ್ದ 319 ಗಿರಾಕಿಗಳು. ಒಂದು ಗುಂಪಿನ ಅಂಗಡಿಗಳಲ್ಲಿ ಬಿಪಿ ನೋಡಿ, ಕ್ಷೌರಿಕನೇ ಬುದ್ಧಿ ಹೇಳಿ, ಡಾಕ್ಟರ ಹತ್ತಿರ ಹೋಗಿ ಅಂತ ಕಳಿಸುವುದು. ಇನ್ನೊಂದು ಗುಂಪಿನಲ್ಲಿ ಔಷಧ ತಜ್ಞರೇ, ಅಂದರೆ ಫಾರ್ಮಸಿಸ್ಟ್, ಅಂಗಡಿಗೆ ಬಂದು ಅಲ್ಲೇ ಮಾತ್ರೆ ಬರೆದುಕೊಟ್ಟು, ಮತ್ತೆ ಮತ್ತೆ ಬಂದು ನೋಡುವುದು. ಆರು ತಿಂಗಳಾಗುವಾಗ ಮೊದಲ ಗುಂಪಿನಲ್ಲಿ ಮೇಲಿನ ಬಿಪಿ ಸರಾಸರಿ 9 ಅಂಕ ಇಳಿದಿತ್ತು. ಎರಡನೇ ಗುಂಪಿನಲ್ಲಿ 27 ಅಂಕ! 2018ರಲ್ಲಿ ಇದು ಪ್ರಕಟವಾದಾಗ ವೈದ್ಯಲೋಕವೇ ತಿರುಗಿ ನೋಡಿತು.

ಇಲ್ಲಿ ಸ್ವಲ್ಪ ನಮ್ಮ ಮಾತು. ಜುಮಾ ನಂತರ ಮಸೀದಿಯ ಅಂಗಳದಲ್ಲಿ ಬಿಪಿ, ಶುಗರ್ ಉಚಿತ ತಪಾಸಣಾ ಶಿಬಿರ ಮಾಡಿ ಈ ಪುಟಕ್ಕೂ ಫೋಟೊ ಕಳಿಸುವವರಿದ್ದಾರೆ. ಸಂತೋಷದಿಂದ ಹಾಕುತ್ತೇವೆ. ಆದರೆ ಲಾಸ್ ಏಂಜಲೀಸ್‌ನ ಲೆಕ್ಕ ಹೇಳುವುದೇನು? ಬರೇ ಬಿಪಿ ನೋಡಿ ಬುದ್ಧಿ ಹೇಳಿ ಕಳಿಸಿದರೆ 9. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಮದ್ದು ಕೊಟ್ಟರೆ 27. ಶಿಬಿರದ ಬ್ಯಾನರ್‌ಗಿಂತ ಮುಂದಿನ ತಿಂಗಳು ಅದೇ ಕಾಕನ ಬಿಪಿ ಯಾರು ನೋಡುತ್ತಾರೆ ಅನ್ನುವುದು ಮುಖ್ಯ.

ಬರ್ಮಿಂಗ್‌ಹ್ಯಾಮ್‌ನ ಅಲ್ ಅಬ್ಬಾಸ್ ಇಸ್ಲಾಮಿಕ್ ಸೆಂಟರ್ ಮಾಡಿದ್ದೂ ಇಂಥದ್ದೇ. ಕೊರೋನಾದಲ್ಲಿ ಬ್ರಿಟನ್‌ನಲ್ಲಿ ತೀರಿಕೊಂಡ ಮೊದಲ ಹತ್ತು ಮಂದಿ ವೈದ್ಯರೂ ಅಲ್ಪಸಂಖ್ಯಾತ ಜನಾಂಗದವರೇ ಆಗಿದ್ದರು, ಅವರಲ್ಲಿ ಸುಡಾನ್, ಪಾಕಿಸ್ತಾನ ಮೂಲದ ಮುಸ್ಲಿಮರೂ ಇದ್ದರು. ಆದರೂ ಲಸಿಕೆ ಬಂದಾಗ ಅದೇ ಜನರಲ್ಲಿ ಹೆದರಿಕೆ, ಹರಾಮೋ ಹಲಾಲೋ ಎಂಬ ಗುಸುಗುಸು. 2021ರ ಜನವರಿಯಲ್ಲಿ ಆ ಮಸೀದಿ ತನ್ನ ಬಾಗಿಲನ್ನೇ ಲಸಿಕಾ ಕೇಂದ್ರಕ್ಕೆ ತೆರೆಯಿತು, ಬ್ರಿಟನ್‌ನಲ್ಲೇ ಮೊದಲು. ಇಮಾಮರೇ ಮುಂದೆ ನಿಂತು ಮಾತಾಡಿದರು. ಮುಸ್ಲಿಮರಲ್ಲದವರೂ ಅಲ್ಲಿಗೆ ಬಂದು ಲಸಿಕೆ ತೆಗೆದುಕೊಂಡರು.

ನಮ್ಮ ಮನೆಯ ಮಾತು

ಇದನ್ನೆಲ್ಲ ಓದುವಾಗ ‘ಅಮೆರಿಕದ ಬಿಳಿಯರು ಹೀಗೆ’ ಅಂತ ಬೆರಳು ತೋರಿಸುವುದು ಸುಲಭ. 2020ರ ಎಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಮೀರತ್‌ನ ಒಂದು ಖಾಸಗಿ ಆಸ್ಪತ್ರೆ, ಮುಸ್ಲಿಂ ರೋಗಿಗಳು ಕೊರೋನಾ ಇಲ್ಲ ಅಂತ ರಿಪೋರ್ಟ್ ತಂದರೆ ಮಾತ್ರ ಬನ್ನಿ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು, ಕೇಸಾದದ್ದು, ಕ್ಷಮೆ ಕೇಳಿದ್ದು ನಮಗೆ ಮರೆತಿಲ್ಲ. ಬಾಗಿಲಲ್ಲೇ ತಡೆಯುವುದು ಹೇಗಿರುತ್ತದೆ ಅಂತ ನಮಗೂ ಸ್ವಲ್ಪ ಗೊತ್ತು.

ಆದರೆ ಹೆಣ್ಣು ನೋಡಲು ಹೋಗುವಾಗ ‘ಹುಡುಗಿ ಬೆಳ್ಳಗೆ ಇದ್ದಾಳಾ’ ಅಂತ ಮೊದಲು ಕೇಳುವವರೂ ನಾವೇ. ಕಅಬಾದ ಮೇಲೆ ಹತ್ತಿ ಅದಾನ್ ಕೊಟ್ಟ ಬಿಲಾಲ್ (ರ) ಅವರ ಕಥೆಯನ್ನು ಮದ್ರಸದಲ್ಲಿ ಬಾಯಿಪಾಠ ಮಾಡಿದವರು, ಮದುವೆಗೆ ಮುಂಚೆ ಮಗಳ ಮುಖಕ್ಕೆ ಬಿಳಿಯಾಗುವ ಕ್ರೀಮ್ ತರುವವರು, ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಇದು ವಿಷಯಾಂತರ ಅಂತ ಕೆಲವರಿಗೆ ಅನಿಸಬಹುದು. ನಮಗೆ ಹಾಗೆ ಅನಿಸುವುದಿಲ್ಲ.

ಈಗ ಕಪಾಟಿನ ಆಕ್ಸಿಮೀಟರ್‌ಗೆ ವಾಪಸು ಬರುವ. ಅದನ್ನು ಬಿಸಾಡಬೇಡಿ. ಇದ್ದರೆ ಉಪಯೋಗವೇ. ಬಳಸುವ ರೀತಿ ಸ್ವಲ್ಪ ಬದಲಾಗಬೇಕು. ಹತ್ತು ನಿಮಿಷ ಸುಮ್ಮನೆ ಕೂತ ಮೇಲೆ ಹಾಕಿ. ಕೈ ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿ. ಉಗುರು ಬಣ್ಣ, ಮೆಹಂದಿ ಇಲ್ಲದ ಬೆರಳು ಆರಿಸಿ. ಅಂಕಿ ಕುಣಿಯುವುದು ನಿಂತ ಮೇಲೆ ಓದಿ. ಒಂದು ಅಂಕಿಯನ್ನು ನಂಬುವುದಕ್ಕಿಂತ ನಿನ್ನೆಗಿಂತ, ಬೆಳಗ್ಗೆಗಿಂತ ಇಳಿಯುತ್ತಾ ಉಂಟಾ ಅಂತ ನೋಡಿ. ಬ್ರಿಟನ್‌ನ ಆರೋಗ್ಯ ಸೇವೆ ಕಪ್ಪು, ಕಂದು ಚರ್ಮದವರಿಗೆ 2021ರಲ್ಲಿ ಹೇಳಿದ್ದೂ ಇದನ್ನೇ. ಯಂತ್ರ 96 ಅಂದರೂ ಉಮ್ಮನಿಗೆ ಮಾತಾಡುವಾಗ ಏದುಸಿರು ಬರುತ್ತಿದ್ದರೆ, ಗೊಂದಲವಾಗಿ ಮಾತಾಡುತ್ತಿದ್ದರೆ, ಎದೆ ಹಿಡಿದ ಹಾಗೆ ಆಗುತ್ತಿದ್ದರೆ, ಯಂತ್ರವನ್ನಲ್ಲ, ಉಮ್ಮನನ್ನು ನಂಬಿ ಹೊರಡಿ. ತುಟಿ ನೀಲಿಯಾಗಿದೆಯಾ ಅಂತ ನಮ್ಮ ಬಣ್ಣದಲ್ಲಿ ಹೊರಗಿನಿಂದ ಗೊತ್ತಾಗುವುದು ಕಷ್ಟ. ನಾಲಿಗೆ, ಒಸಡು, ತುಟಿಯ ಒಳಭಾಗ ನೋಡಬೇಕು. ಆಸ್ಪತ್ರೆಯಲ್ಲಿ ಸಂಶಯ ಬಂದರೆ ‘ಎಬಿಜಿ ಮಾಡಿ ನೋಡಬಹುದಾ ಡಾಕ್ಟ್ರೇ?’ ಅಂತ ಕೇಳಿ. ರಕ್ತ ತೆಗೆದು ಆಮ್ಲಜನಕ ನೋಡುವ ಪರೀಕ್ಷೆ ಅದು. ಕೇಳಿದರೆ ಯಾರೂ ಬೈಯುವುದಿಲ್ಲ. ಬೈದರೂ ಕೇಳಿ.

ಇನ್ನೊಂದು ಕೆಲಸ ಇವತ್ತೇ ಮಾಡಬಹುದು. ಮನೆಯವರೆಲ್ಲ ಆರೋಗ್ಯವಾಗಿರುವಾಗ ಒಬ್ಬೊಬ್ಬರ ಬೆರಳಿಗೂ ಅದನ್ನು ಹಾಕಿ, ಯಾರಿಗೆ ಎಷ್ಟು ಬಂತು ಅಂತ ತಾರೀಕು ಸಮೇತ ಒಂದು ಚೀಟಿಯಲ್ಲಿ ಬರೆದು ಅದೇ ಡಬ್ಬದೊಳಗೆ ಇಡಿ. ಸೆಲ್ ತೆಗೆದಿಡಿ, ಸೋರಿ ಹಾಳಾಗುತ್ತದೆ.